ಗಾದಿಯ ಮೇಲೆ ತೆಗೆದ ಅಳತೆ

ಟೀಚರು ನಮ್ಮ ಸೈಕಲ್ ಅಂಗಡಿಗೆ ಬಂದರು, ಆದರೆ ಕೂರಲಿಲ್ಲ. ಗಾದಿಯ ಮೇಲೆ ಲೋಡಿಗೆ ಒರಗಿ ಕೂತಿದ್ದ ನಮ್ಮ ಮಾವನವರು ಪಕ್ಕಕ್ಕೆ ಸರಿದು ಜಾಗ ಮಾಡಿ ಎರಡು ಸಲ "ಬರ್ರಿ, ಕುಂದರ್ರಿ" ಎಂದರು. ಅವರು ನಕ್ಕು, ಕೌಂಟರಿಗೆ ಕೈಯೂರಿ ನಿಂತೇ ಇದ್ದರು. ಸೋಲಾಪುರದ ಹಳೆಯ ವ್ಯಾಪಾರಸ್ಥ ಮನೆತನ ನಮ್ಮದು. ಬಂದವರಿಗೆ ಗಾದಿ ಬಿಟ್ಟುಕೊಡುವುದು ನಮ್ಮಲ್ಲಿ ದೊಡ್ಡ ಮರ್ಯಾದೆ, ಕೊಟ್ಟ ಗಾದಿಯ ಮೇಲೆ ಕೂರದಿರುವುದು ಅಷ್ಟೇ ದೊಡ್ಡ ಅವಮರ್ಯಾದೆ. ನನಗೆ ಒಳಗೇ ಸಿಟ್ಟು ಬಂತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ; ನಮ್ಮ ಪೇಟೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

"ವೈನಿ, ಜರಾ ಒಳಗ ಬರ್ರಿ. ಒಂದು ಮಾತು ಹೇಳೂದೈತಿ," ಎಂದರು ಟೀಚರು ಮೆಲ್ಲಗೆ. ಅತ್ತಿಗೆಯನ್ನು ಕರೆದಂತೆ ನನ್ನನ್ನು ಅವರು ವೈನಿ ಎನ್ನುತ್ತಾರೆ.

ಹಿಂದಿನ ಗೋದಾಮಿನಲ್ಲಿ ಟೈರುಗಳ ಮರೆಗೆ ನಿಂತು ಹೇಳಿದರು. ಹೋದ ವರ್ಷದ ಇನ್ನೂರು ಕಿಲೋಮೀಟರಿನ ಸೈಕಲ್ ಸವಾರಿಯಲ್ಲಿ ಅವರು ನೂರ ನಲವತ್ತಕ್ಕೆ ಇಳಿದುಬಿಟ್ಟದ್ದು ಮೊಣಕಾಲು ನೋವಿನಿಂದ ಅಲ್ಲವಂತೆ. ಸೀಟು ತಾಗುವ ಜಾಗದಲ್ಲಿ ಚರ್ಮ ಒಡೆದಿತ್ತಂತೆ. ಎಲ್ಲರೆದುರು ಆ ಮಾತು ಹೇಗೆ ಹೇಳುವುದು ಎಂದು ಮೊಣಕಾಲಿನ ನೆಪ ಹೇಳಿದ್ದರು. ವಾರದೊಳಗೆ ಅದು ಕೀವು ತುಂಬಿದ ಕುರುವಾಯಿತು. ಡಾಕ್ಟರಮ್ಮ ಕೊಯ್ದು ತೆಗೆದರು. ಮೂರು ವಾರ ದಿನಾ ಡ್ರೆಸ್ಸಿಂಗು, ಐದು ತಿಂಗಳು ಸೈಕಲ್ ಮುಟ್ಟಲಿಲ್ಲ. ಈಗ ವಾಸಿಯಾಗಿದೆ, ಹತ್ತಬಹುದು ಎಂದಿದ್ದಾರೆ ಡಾಕ್ಟರಮ್ಮ. ಆದರೆ ಅದೇ ಕಲೆಯ ಮೇಲೆ ಇನ್ನೊಂದು ಸಲ ಒಡೆದರೆ ಗಾಯ ಕೂಡುವುದು ಕಷ್ಟ, ಆಮೇಲೆ ಸೈಕಲ್ಲನ್ನು ಮರೆತೇ ಬಿಡಬೇಕು ಎಂದೂ ಹೇಳಿದ್ದಾರೆ. ಅವತ್ತು ಅಕ್ಕಲಕೋಟದಿಂದ ಸೈಕಲ್ ಮೇಲೆ ಬಂದಿದ್ದರು. ಕಲೆ ಉರಿಯುತ್ತಿತ್ತು, ಅದಕ್ಕೇ ಕೂರಲಿಲ್ಲ.

ಈ ವರ್ಷದ ಸವಾರಿಗೆ ಐದು ವಾರ ಉಳಿದಿತ್ತು. ಅವರು ಆಗಲೇ ಹೆಸರು ಕೊಟ್ಟು ಬಂದಿದ್ದರು.

 ಆ ಸೀಟು ಅಳತೆ ತೆಗೆದು, ಆರಿಸಿ, ಕೂಡಿಸಿ ಕೊಟ್ಟವಳು ನಾನು. ಸಾಲದ್ದಕ್ಕೆ, ವ್ಯಾಯಾಮದ ಟೀಚರಾಗಿ ಮೊಣಕಾಲು ನೋಡಿಕೊಳ್ಳಲು ಬರುವುದಿಲ್ಲವೇ ಎಂದು ಹೋದ ವರ್ಷ ಅವರನ್ನು ಗದರಿಸಿಯೂ ಇದ್ದೆ. ಅದು ನೆನಪಾಗಿ ನಾಲಿಗೆ ಕಚ್ಚಿಕೊಂಡೆ.

ಅವರು ಅಕ್ಕಲಕೋಟದ ಒಂದು ಹುಡುಗಿಯರ ಶಾಲೆಯಲ್ಲಿ ವ್ಯಾಯಾಮ ಕಲಿಸುತ್ತಾರೆ. ತವರು ಚಪಳಗಾಂವದ ಹೊರಗಿನ ವಸ್ತಿ, ಕುರಿ ಸಾಕುವ ಮನೆ, ಇರುವುದೂ ಅಲ್ಲೇ. ವಸ್ತಿಯಿಂದ ಡಾಂಬರು ರಸ್ತೆಯವರೆಗೆ ಬರೀ ಕಲ್ಲು, ಗಾಡಿಜಾಡು. ಅದಕ್ಕೇ ದಪ್ಪ ಟೈರಿನ ಮೌಂಟನ್ ಬೈಕು. ದಿನಾ ಶಾಲೆಗೆ ಹೋಗಿ ಬರುವುದು ಅದರ ಮೇಲೆಯೇ. ಹಾಗಾಗಿ ಸೀಟಿನ ವಿಷಯ ಒಂದು ಭಾನುವಾರದ ಚಟದ ಮಾತಾಗಿರಲಿಲ್ಲ, ಅವರ ದಿನದ ಮಾತಾಗಿತ್ತು.

ಹೋದ ವರ್ಷ ಅಳತೆ ತೆಗೆದ ಬಗೆ ಹೇಳಿಬಿಡುತ್ತೇನೆ. ನಾವು ಕೂತಾಗ ಭಾರ ಹೊರುವುದು ಕೆಳಗಿನ ಎರಡು ಎಲುಬು. ಅವೆರಡರ ನಡುವಿನ ಅಂತರ ಗೊತ್ತಾದರೆ ಸೀಟಿನ ಅಗಲ ಗೊತ್ತಾಗುತ್ತದೆ. ಒಳಗೆ ಅಲೆಅಲೆ ಪದರ ಇರುವ ಪೆಟ್ಟಿಗೆಯ ರಟ್ಟಿನ ಮೇಲೆ ಕೂರಿಸುತ್ತೇನೆ, ಎಲುಬು ಒತ್ತಿದಲ್ಲಿ ಎರಡು ಗುಳಿ ಬೀಳುತ್ತವೆ. ಗುಳಿಯ ನಡುವಿನಿಂದ ನಡುವಿಗೆ ಅಳೆದು, ಇಪ್ಪತ್ತೈದು ಮಿಲಿಮೀಟರ್ ಕೂಡಿಸಿದರೆ ಸೀಟು ಸಿಕ್ಕಿತು. ಗಂಡಸರನ್ನು ಅಂಗಡಿಯ ಹೊರಗಿನ ಮರದ ಬಾಕಿನ ಮೇಲೆಯೇ ಕೂರಿಸಿ ಮುಗಿಸುತ್ತೇನೆ. ಟೀಚರನ್ನು ಹಾಗೆ ರಸ್ತೆಯ ಎದುರು ಕೂರಿಸುವುದೇ? ಮೇಲೆ ಮನೆಗೆ ಕರೆದೊಯ್ದಿದ್ದೆ. ಒಳಕೋಣೆಯಲ್ಲಿ ಗಾದಿ ಹಾಸಿ, ಮೇಲೆ ಹೊಸ ಚಾದರ ಹಾಕಿ, ಅದರ ಮೇಲೆ ರಟ್ಟಿಟ್ಟು, ಆರಾಮ ಕೂತುಕೊಳ್ಳಿ ಎಂದಿದ್ದೆ. ಅವರು ಚಕ್ಕಳಮಕ್ಕಳ ಹಾಕಿ ಕೂತರು. ಚಹಾನೂ ಕುಡಿದರು. ಅಳತೆ ನೂರ ನಲವತ್ತೆರಡು ಮಿಲಿಮೀಟರ್ ಬಂತು. ಲೆಕ್ಕಕ್ಕೆ ಹತ್ತಿರದ ನೂರ ಅರವತ್ತೈದರ ಅಗಲ ಸೀಟು ಕೊಟ್ಟೆ. ದೂರದ ದಾರಿ, ಇನ್ನೂ ಮೆತ್ತಗಿರಲಿ ಎಂದು ಮೇಲೊಂದು ಜೆಲ್ ಕವರನ್ನೂ ಹಾಕಿ ಕಳಿಸಿದ್ದೆ.

ಈಗ ಮೊದಲು ಕಿತ್ತದ್ದು ಆ ಜೆಲ್ ಕವರನ್ನು. ಅದು ಸೀಟಿನ ಮೇಲೆ ಅರ್ಧ ಬೆರಳಿನಷ್ಟು ಜಾರುತ್ತಿತ್ತು, ಪ್ರತಿ ತುಳಿತಕ್ಕೂ ಚರ್ಮವನ್ನು ಎಳೆದು ಬಿಡುತ್ತಿತ್ತು. ಆಮೇಲೆ ಗೌಂಡಿಗಳು ಬಳಸುವ ರಸಮಟ್ಟವನ್ನು ಸೀಟಿನ ಉದ್ದಕ್ಕೂ ಇಟ್ಟು ನೋಡಿದೆ. ಗುಳ್ಳೆ ನಡುವೆಯೇ ನಿಂತಿತು, ಸೀಟು ಮಟ್ಟವಾಗಿತ್ತು. ಎತ್ತರವೂ ಸರಿ ಇತ್ತು. ಹೋಟಗಿಗೆ ಹೋಗಿ ಬನ್ನಿ ಎಂದು ಕಳಿಸಿದೆ. ಮೂವತ್ತು ಕಿಲೋಮೀಟರ್ ಮುಗಿಸಿ ಬಂದರು. ಮೊದಲಿಗಿಂತ ಕಡಿಮೆ, ಆದರೆ ಉರಿ ಇದೆ ಎಂದರು.

ಸೀಟಿನ ಮೇಲೆ ನಿಜಕ್ಕೂ ಎಲ್ಲಿ ಕೂರುತ್ತಿದ್ದಾರೆ ಎಂದು ತಿಳಿಯಬೇಕಿತ್ತು. ಟೀಚರೇ ಉಪಾಯ ಹೇಳಿದರು. ಅವರ ಚೀಲದಲ್ಲಿ ಸೀಮೆಸುಣ್ಣ ಯಾವಾಗಲೂ ಇರುತ್ತದೆ. ಅದನ್ನು ಪುಡಿ ಮಾಡಿ ಕರಿ ಸೀಟಿನ ತುಂಬ ಸವರಿ, ಐದು ಕಿಲೋಮೀಟರ್ ಓಡಿಸಿ ಬಂದರು. ಸೀಟಿನ ಮುಂಚಾಚಿದ ಮೂತಿಯ ಮೇಲೆ ಸುಣ್ಣ ಪೂರ್ತಿ ಒರೆಸಿಹೋಗಿತ್ತು. ಎರಡೂ ಅಂಚಿನಲ್ಲಿ ತೊಡೆ ಉಜ್ಜಿದ ಗುರುತಿತ್ತು. ಎಲುಬು ಕೂರಬೇಕಾದ ಹಿಂದಿನ ಅಗಲ ಭಾಗದಲ್ಲಿ ಮಾತ್ರ ಸುಣ್ಣ ಹಾಗೇ ಬೆಳ್ಳಗೆ ಇತ್ತು.

ನೂರ ನಲವತ್ತೆರಡು ಅಳತೆಯವರು ಹಿಂದೆ ಕೂರಬೇಕು. ಇವರು ಮುಂದೆ ಯಾಕೆ ಜಾರುತ್ತಿದ್ದಾರೆ? ಅಲ್ಲಿ ಅನುಮಾನ ನನ್ನ ಅಳತೆಯ ಮೇಲೆ ಬರಬೇಕಿತ್ತು. ಬರಲಿಲ್ಲ. ಇಪ್ಪತ್ತು ವರ್ಷದ ಅಭ್ಯಾಸದ ಕೈ ಎಂಬ ಜಂಬ ನನಗೆ. ಸೀಟು ಹಿಂದಾಗಿದೆ, ಹ್ಯಾಂಡಲ್ಲಿಗೆ ಕೈ ಎಟಕದೆ ಜಾರುತ್ತಿದ್ದಾರೆ ಎಂದುಕೊಂಡು ಸೀಟನ್ನು ಆರು ಮಿಲಿಮೀಟರ್ ಮುಂದೆ ತಂದೆ. ಉರಿ ನಿಲ್ಲಲಿಲ್ಲ. ಹ್ಯಾಂಡಲ್ ಎತ್ತರಿಸಿದೆ. ಬೆನ್ನು ನೋವು ಬಂತು, ಉರಿ ಹೋಗಲಿಲ್ಲ. ಅಷ್ಟೇ ಅಗಲದ, ಇನ್ನೂ ಮೆತ್ತಗಿನ ಮತ್ತೊಂದು ಸೀಟು ಹಾಕಿದೆ. ನಲವತ್ತು ಕಿಲೋಮೀಟರಿಗೆ ಕಲೆ ಕೆಂಪಾಯಿತು. ಎರಡು ವಾರ ಹೀಗೆ ಕಳೆದುಹೋಯಿತು. ಟೀಚರು ಒಂದು ದಿನವೂ ಬೇಸರ ತೋರಿಸಲಿಲ್ಲ. ಬರುವುದು, ನಾನು ಹೇಳಿದಷ್ಟು ಓಡಿಸುವುದು, ಆದದ್ದನ್ನು ಇದ್ದ ಹಾಗೆ ಹೇಳುವುದು. ಅವರು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಮೂರನೆಯ ಭಾನುವಾರ ಮತ್ತೊಂದು ಸೀಟು ಹಿಡಿದುಕೊಂಡು ವ್ಯಾನಿನಲ್ಲಿ ನಾನೇ ಚಪಳಗಾಂವದ ವಸ್ತಿಗೆ ಹೋದೆ. ಅವರ ದಾರಿಯ ಮೇಲೆಯೇ ಓಡಿಸಿ ನೋಡೋಣ ಎಂಬ ಲೆಕ್ಕ. ತಂದೆ ಕುರಿ ಹೊಡೆದುಕೊಂಡು ಹೋಗಿದ್ದರು. ತಾಯಿ ಅಂಗಳದಲ್ಲಿ ಉಣ್ಣೆ ನೂಲುತ್ತಿದ್ದರು. ನನ್ನನ್ನು ಕಂಡವರೇ ಒಳಗಿಂದ ಕಂಬಳಿ ತಂದು, ನಾಲ್ಕು ಮಡಿಕೆ ಮಾಡಿ ಕಲ್ಲಿನ ಕಟ್ಟೆಯ ಮೇಲೆ ಹಾಸಿದರು. ನಾನು ಕಂಬಳಿಯ ಮೇಲೆ ಕೂತೆ. ಟೀಚರು ಪಕ್ಕದಲ್ಲಿ ಬರೀ ಕಲ್ಲಿನ ಮೇಲೆ, ಕೆಳಗಿನ ಮೆಟ್ಟಿಲಿಗೆ ಕಾಲಿಟ್ಟು ಕೂತು ಬೂಟಿನ ದಾರ ಕಟ್ಟತೊಡಗಿದರು. ಕಲ್ಲು ಚುಚ್ಚುವುದಿಲ್ಲವೇ, ಕಲೆಗೆ ತ್ರಾಸವಾಗುವುದಿಲ್ಲವೇ ಎಂದು ಕೇಳಿದೆ.

"ಇಲ್ರಿ ವೈನಿ, ಇಲ್ಲೇ ಆರಾಮ ಅನಸ್ತೈತಿ. ಕಲ್ಲಿನ ಮ್ಯಾಲ ಕುಂತ್ರ ಎರಡೂ ಎಲಬಾ ಬರೋಬರ್ ಹತ್ತತಾವ, ಗಾಯದ ಕಲೀಗಿ ಏನೂ ತಾಗಂಗಿಲ್ಲ. ನಿಮ್ಮ ಮನ್ಯಾಗ ಕುಂತಾಗ ಎಲಬಾ ಹತ್ತಿದ್ದ ಇಲ್ಲ."

ಸಾದಾ ಮಾತು. ದಾರ ಕಟ್ಟುತ್ತಲೇ ಅಂದರು, ನನ್ನ ಮುಖವನ್ನೂ ನೋಡಲಿಲ್ಲ.  ಗಾದಿಯ ಮೇಲೆ ಎಲುಬು ತಾಗಿಯೇ ಇರಲಿಲ್ಲ! ಹಾಗಿದ್ದರೆ ನನ್ನ ರಟ್ಟಿನ ಮೇಲೆ ಬಿದ್ದ ಗುಳಿ ಯಾವುದರದು? ಹತ್ತಿ ಕೆಳಗೆ ಕುಸಿದಿತ್ತು, ರಟ್ಟು ಬಾಗಿತ್ತು, ಚಕ್ಕಳಮಕ್ಕಳ ಕೂತಿದ್ದರಿಂದ ತೊಡೆ ಹೊರಕ್ಕೆ ತಿರುಗಿತ್ತು. ಒತ್ತಿದ್ದು ಮಾಂಸ. ಬಾಕಿನ ಮೇಲೆ ಕೂರಿಸಿದ ಯಾವ ಗಂಡಸಿನ ಅಳತೆಯೂ ಹೀಗೆ ಕೆಟ್ಟಿರಲಿಲ್ಲ. ಮರ್ಯಾದೆ ಮಾಡಿ ಮೇಲೆ ಕರೆದೊಯ್ದ ಹೆಂಗಸಿನದೇ ಕೆಟ್ಟಿತ್ತು.

ವ್ಯಾನಿಗೆ ಹೋಗಿ ಸೀಟಿನ ಪೆಟ್ಟಿಗೆಯನ್ನು ಹರಿದು ರಟ್ಟು ತಂದೆ. ಕಲ್ಲಿನ ಮೇಲಿಟ್ಟು, ಮೊಣಕಾಲು ಸ್ವಲ್ಪ ಮೇಲೆ ಬರುವಂತೆ ಮೆಟ್ಟಿಲ ಮೇಲೆ ಕಾಲಿರಿಸಿ, ಮುಂದಕ್ಕೆ ಬಾಗಿ ಕೂರಲು ಹೇಳಿದೆ. ಎದ್ದ ಮೇಲೆ ನೋಡಿದರೆ ಬೆರಳಿಟ್ಟು ಒತ್ತಿದ ಹಾಗೆ ಸ್ಪಷ್ಟ ಎರಡು ಗುಳಿ. ಅಳೆದೆ. ನೂರ ಹದಿನೆಂಟು. ನಂಬದೆ ರಟ್ಟು ತಿರುವಿ ಇನ್ನೆರಡು ಸಲ ಕೂರಿಸಿದೆ. ನೂರ ಹದಿನೆಂಟು, ನೂರ ಹದಿನೇಳು. ಅವರಿಗೆ ಬೇಕಿದ್ದದ್ದು ನೂರ ನಲವತ್ಮೂರರ ಸೀಟು. ನಾನು ಇಪ್ಪತ್ತೆರಡು ಮಿಲಿಮೀಟರ್ ಹೆಚ್ಚು ಅಗಲದ್ದು ಕೊಟ್ಟಿದ್ದೆ. ಆ ಅಗಲ ತೊಡೆಗೆ ಉಜ್ಜುತ್ತಿತ್ತು, ತಪ್ಪಿಸಿಕೊಳ್ಳಲು ಅವರು ಮುಂದೆ ಜಾರುತ್ತಿದ್ದರು, ಮುಂದೆ ಮೂತಿಯ ಮೇಲೆ ಇಡೀ ಭಾರ ಮೆತ್ತಗಿನ ಜಾಗಕ್ಕೆ ಬೀಳುತ್ತಿತ್ತು.

ಜಂಬ ಅಡ್ಡ ಬಂತು. ಆದರೆ ಹೇಳದೆ ಇದ್ದರೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

"ಟೀಚರ್ರ, ಈ ಚೂಕ ನಂದು. ನಿಮ್ಮ ಎಲಬಾ ಅಳದಿಲ್ಲ ನಾ. ನಮ್ಮ ಗಾದಿ ಅಳದೀನಿ. ನಿಮಗ ಆ ಕುರು ಆಗಿದ್ದು ನನ್ನಿಂದ."

 ಟೀಚರು ರಟ್ಟನ್ನು ಕೈಗೆ ತೆಗೆದುಕೊಂಡು ಗುಳಿಗಳ ಮೇಲೆ ಬೆರಳಾಡಿಸಿದರು. ನೂಲುವುದನ್ನು ನಿಲ್ಲಿಸಿದ್ದ ತಾಯಿ, ಗಾದಿಯ ಮೇಲೆ ಕೂರಿಸಿದ್ದು ಮರ್ಯಾದೆಗೆ, ಮರ್ಯಾದೆ ಮಾಡಿದವರನ್ನು ಬೈಯಲು ಬರುತ್ತದೆಯೇ ಎಂದು ಸಮಾಧಾನ ಹೇಳಿದರು. ಅವರ ಸಮಾಧಾನ ನನಗೆ ತಟ್ಟಲಿಲ್ಲ. ನಾನು ಕಾಯುತ್ತಿದ್ದದ್ದು ಮಗಳ ಮಾತಿಗೆ. ಮಗಳು ಒಳಗೆ ಹೋಗಿ ನನಗೆ ಮಜ್ಜಿಗೆ ತಂದುಕೊಟ್ಟರು, ಅಷ್ಟೇ.

ನೂರ ನಲವತ್ಮೂರರ, ನಡುವೆ ಉದ್ದಕ್ಕೂ ಸೀಳು ಇರುವ ಸೀಟು ಅಂಗಡಿಯಲ್ಲಿ ಇರಲಿಲ್ಲ. ಪುಣೆಗೆ ಫೋನು ಮಾಡಿ ತರಿಸಿದೆ. ಅದು ಬಂದಾಗ ಸವಾರಿಗೆ ಒಂಬತ್ತೇ ದಿನ ಉಳಿದಿತ್ತು. ಮುಟ್ಟಿದರೆ ಹಲಗೆ. ಮಾವನವರು ಅದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಇದರ ಮೇಲೆ ಹೆಣ್ಣುಮಗಳನ್ನು ಇನ್ನೂರು ಕಿಲೋಮೀಟರ್ ಕೂರಿಸುತ್ತೀಯಾ, ನಿನ್ನ ತಲೆ ನೆಟ್ಟಗಿದೆಯೇ ಎಂದು ಕೇಳಿದರು. ನನಗೂ ಒಳಗೆ ಅದೇ ಅಂಜಿಕೆ. ದೂರದ ಸವಾರಿಗೆ ಎರಡು ವಾರ ಉಳಿದಿರುವಾಗ ಹೊಸದೇನನ್ನೂ ಹಾಕಬಾರದು ಎಂದು ಬಂದವರಿಗೆಲ್ಲ ಹೇಳುವವಳು ನಾನೇ. ಹೊಸ ಸೀಟಿಗೆ ಎಲುಬಿನ ಕೆಳಗಿನ ಮಾಂಸ ಪಳಗಲು ಇನ್ನೂರು ಮುನ್ನೂರು ಕಿಲೋಮೀಟರಾದರೂ ಬೇಕು.

ಈ ವರ್ಷ ಬಿಡಿ ಎಂದೆ. ಮುಂದಿನ ವರ್ಷದವರೆಗೆ ಸೀಟು ಪಳಗುತ್ತದೆ, ಕಲೆಯೂ ಗಟ್ಟಿಯಾಗುತ್ತದೆ ಎಂದೆ. ಅವರು ಒಪ್ಪಲಿಲ್ಲ. ಹೇಗೂ ದಿನಾ ಶಾಲೆಗೆ ತುಳಿಯಲೇಬೇಕು, ಒಡೆಯುವುದಿದ್ದರೆ ಆ ದಾರಿಯಲ್ಲೇ ಒಡೆಯುತ್ತದೆ ಎಂದರು. ಅದೂ ಸುಳ್ಳಲ್ಲ. ಹೋದ ವರ್ಷ ಶಾಲೆಯ ಹುಡುಗಿಯರ ಮುಂದೆ ಸುಳ್ಳು ಹೇಳಿದ್ದೇನೆ, ಮೊಣಕಾಲು ಹಿಡಿದುಕೊಂಡು ಕುಂಟಿ ಸಹ ತೋರಿಸಿದ್ದೇನೆ, ಈ ಸಲ ಪೂರ್ತಿ ಮುಗಿಸಿ ಆ ಸುಳ್ಳು ತೀರಿಸಬೇಕು ಎಂದರು.

ಆವತ್ತು ಸಂಜೆ ಒಬ್ಬಳೇ ಕೂತು ಯೋಚಿಸಿದೆ. ಕೊನೆಗೆ ಒಂದು ಕರಾರಿನ ಮೇಲೆ ಒಪ್ಪಿದೆ. ಸವಾರರು ನಿಂತು ಕಾರ್ಡಿಗೆ ಸಹಿ ಹಾಕಿಸಿಕೊಳ್ಳುವ ಪ್ರತಿ ಠಾಣೆಯಲ್ಲಿ ನಾನು ಇರುತ್ತೇನೆ, ಮರೆಗೆ ಕರೆದು ಕಲೆ ನೋಡುತ್ತೇನೆ. ಹೇಗೆ ನೋಡುವುದು ಎಂದು ಡಾಕ್ಟರಮ್ಮನ ಬಳಿ ಹೋಗಿ ಕಲಿತು ಬಂದೆ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಡಬೇಕು. ಬೆಳ್ಳಗಾಗಿ ಮತ್ತೆ ಕೆಂಪಾದರೆ ಚರ್ಮ ಇನ್ನೂ ತಡೆಯುತ್ತದೆ. ಒತ್ತಿದರೂ ಕೆಂಪು ಹೋಗದಿದ್ದರೆ ಒಡೆಯುವುದು ಹತ್ತಿರ ಬಂದಿದೆ. ನಾನು ನಿಲ್ಲು ಎಂದರೆ ನಿಲ್ಲಬೇಕು, ಸೈಕಲ್ಲು ವ್ಯಾನಿಗೆ ಎಂದರೆ ವ್ಯಾನಿಗೆ. ಟೀಚರು ನನ್ನ ಕೈ ಮೇಲೆ ಕೈಯಿಟ್ಟು ಒಪ್ಪಿದರು.

ಒಂಬತ್ತು ದಿನದಲ್ಲಿ ಏಳು ದಿನ ತುಳಿದರು. ಮೊದಲ ಎರಡು ದಿನ ಎಲುಬಿನ ಕೆಳಗೆ ಪೆಟ್ಟು ಬಿದ್ದ ಹಾಗೆ ನೋವು. ಅದು ಬರಲೇಬೇಕಾದ ನೋವು, ಜಾಗ ಸರಿ ಇದೆ ಎಂಬುದರ ಗುರುತು. ಸೀಮೆಸುಣ್ಣ ಹಚ್ಚಿ ನೋಡಿದರೆ ಹಿಂದಿನ ಎರಡು ಬದಿಯಲ್ಲಿ ಒರೆಸಿಹೋಗಿತ್ತು, ಮೂತಿ ಬೆಳ್ಳಗೆ ಉಳಿದಿತ್ತು. ಸೀಟು ಎಲುಬಿನ ಬುಡಕ್ಕೆ ಬಂದಿತ್ತು. ಕಲೆ ಶಾಂತವಾಗಿತ್ತು. ನನಗೆ ಮಾತ್ರ ಅನ್ನ ಸೇರುತ್ತಿರಲಿಲ್ಲ.

ಸವಾರಿಯ ದಿನ ಬೆಳಿಗ್ಗೆ ಐದಕ್ಕೆ ಸೋಲಾಪುರದಿಂದ ಬಿಟ್ಟರು. ಮೊದಲು ಪೂರ್ವಕ್ಕೆ ಅಕ್ಕಲಕೋಟ, ಅಲ್ಲಿಂದ ವಾಪಸ್ಸು ಸೋಲಾಪುರ. ಆಮೇಲೆ ಪಶ್ಚಿಮಕ್ಕೆ ಮಂಗಳವೇಢೆ ದಾಟಿ ಮರವಡೆ ರಸ್ತೆಯ ಮೇಲಿನ ಠಾಣೆ, ಮತ್ತೆ ಸೋಲಾಪುರ. ಒಟ್ಟು ಇನ್ನೂರು. ಸಂಜೆ ಆರೂವರೆಗೆ ಮುಗಿಸಬೇಕು, ಹದಿಮೂರೂವರೆ ಗಂಟೆ; ಒಂದು ನಿಮಿಷ ಮೀರಿದರೂ ಲೆಕ್ಕಕ್ಕಿಲ್ಲ. ತಾಯಿ ಹಿಂದಿನ ದಿನ ತಮ್ಮ ದೇವರು ಬಿರೋಬಾನ ಅರಿಸಿನದ ಭಂಡಾರವನ್ನು ಹ್ಯಾಂಡಲ್ಲಿಗೆ ಹಚ್ಚಿ ಕಳಿಸಿದ್ದರು. ಬೀದಿದೀಪದ ಬೆಳಕಿನಲ್ಲಿ ಆ ಹಳದಿ ಕಾಣುತ್ತಿತ್ತು.

ಅಕ್ಕಲಕೋಟದಲ್ಲಿ ಅವರ ಶಾಲೆಯ ಕೋಣೆಯೊಂದರಲ್ಲಿ ನೋಡಿದೆ. ಏನೂ ಇಲ್ಲ. ಎಂಬತ್ತಕ್ಕೆ ಸೋಲಾಪುರದಲ್ಲಿ ನಮ್ಮ ಮನೆಯ ಮೇಲೆಯೇ ನೋಡಿದೆ. ಸ್ವಲ್ಪ ಕೆಂಪು. ಒತ್ತಿದೆ, ಬೆಳ್ಳಗಾಯಿತು, ಕೆಂಪು ತಿರುಗಿ ಬಂತು. ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ ಕಳಿಸಿದೆ. ಆದರೆ ಮಂಗಳವೇಢೆಯ ದಾರಿಯಲ್ಲಿ ಪಡುವಣ ಗಾಳಿ ಎದುರಾಯಿತು. ಕಬ್ಬಿನ ಟ್ರಾಕ್ಟರುಗಳಿಗೆ ದಾರಿ ಬಿಡಲು ಮತ್ತೆ ಮತ್ತೆ ಮಣ್ಣಿಗೆ ಇಳಿಯಬೇಕಾಯಿತು. ಭೀಮಾ ನದಿಯ ಸೇತುವೆ ದಾಟಿದ ಮೇಲೆ ರಸ್ತೆ ಅಗೆದಿದ್ದರು, ಕಿಲೋಮೀಟರುಗಟ್ಟಲೆ ಜಲ್ಲಿ. ನಾನು ವ್ಯಾನಿನಲ್ಲಿ ಮುಂದೆ ಹೋಗಿ ಠಾಣೆಯಲ್ಲಿ ಕಾದೆ. ಸೋಲಾಪುರದಿಂದ ಅವರಿಗಿಂತ ತಡವಾಗಿ ಬಿಟ್ಟವರು ಮೊದಲು ಬಂದರು, ಕಾರ್ಡಿಗೆ ಸಹಿ ಹಾಕಿಸಿಕೊಂಡು ತಿರುಗಿ ಹೊರಟರು. ಟೀಚರು ಬಂದಾಗ ಎರಡು ಮುಕ್ಕಾಲು. ಹೋದ ವರ್ಷ ಇಳಿದುಬಿಟ್ಟ ಜಾಗವೂ ಅದೇ.

ಬರುವಾಗಲೇ ನೋಡಿದೆ, ಸೀಟಿನ ಮೇಲೆ ಸರಿದು ಸರಿದು ಕೂರುತ್ತಿದ್ದರು. ಪಕ್ಕದ ಹೊಲದ ಮನೆಯವರನ್ನು ಕೇಳಿ ಒಳಗೆ ಕರೆದೊಯ್ದೆ. ಕಲೆಯ ಅಂಚು ಕೆಂಪಗೆ ಕುದಿಯುತ್ತಿತ್ತು. ಒತ್ತಿದೆ. ಒಂದು, ಎರಡು, ಮೂರು ಎಣಿಸಿದ ಮೇಲೆ ಸ್ವಲ್ಪ ಬೆಳ್ಳಗಾಯಿತು. ಚರ್ಮ ಒಡೆದಿರಲಿಲ್ಲ. ಆದರೆ ಇನ್ನು ಹೆಚ್ಚು ತಡೆಯುವುದಿಲ್ಲ ಎಂದು ಕಣ್ಣಿಗೇ ಕಾಣುತ್ತಿತ್ತು.

ಹೊರಗೆ ಬಂದು ಸೀಟಿನ ಮೇಲೆ ರಸಮಟ್ಟ ಇಟ್ಟೆ. ಗುಳ್ಳೆ ಪೂರ್ತಿ ಮುಂದೆ ಹೋಗಿ ನಿಂತಿತು. ಸೀಟಿನ ಮೂತಿ ಮೇಲೆದ್ದಿತ್ತು. ಜಲ್ಲಿಯ ಹೊಡೆತಕ್ಕೆ ಸೀಟಿನ ಬುಡದ ಕ್ಲಾಂಪು ಜಾರಿತ್ತು. ಬಿಗಿದವಳು ಯಾರು? ನಾನೇ. ಹೊಸ ಸೀಟು ಕೂಡಿಸಿದ ಮೇಲೆ ನೂರು ಕಿಲೋಮೀಟರಿಗೊಮ್ಮೆ ಬೋಲ್ಟು ಮತ್ತೆ ಬಿಗಿಯಬೇಕು, ಎಂಬತ್ತಕ್ಕೆ ಸೋಲಾಪುರದಲ್ಲಿ ನೋಡಬೇಕಿತ್ತು. ಕಲೆ ನೋಡುವ ಗಡಿಬಿಡಿಯಲ್ಲಿ ಬೋಲ್ಟು ಮರೆತಿದ್ದೆ. ನನ್ನನ್ನು ನಾನೇ ಬೈದುಕೊಳ್ಳುತ್ತ ಸ್ಪ್ಯಾನರು, ಅಲೆನ್ ಕೀ ತುಂಬಿದ ಅವಜಾರಗಳ ಚೀಲ ತೆಗೆದೆ.

ಟೀಚರು ಆಗಲೇ ಹೆಲ್ಮೆಟ್ಟು ಹಾಕಿಕೊಂಡಿದ್ದರು. ಬಿಡಿ, ಹೀಗೇ ಹೋಗುತ್ತೇನೆ, ಈಗ ಗಾಳಿ ಬೆನ್ನಿಗೆ ಬರುತ್ತದೆ ಎಂದರು. ಕ್ಲಾಂಪು ಬಿಚ್ಚಿ, ಹಲ್ಲಿನೊಳಗಿನ ಧೂಳು ತೆಗೆದು, ಮಟ್ಟ ಹಿಡಿದು, ಮತ್ತೆ ಬಿಗಿಯಲು ಇಪ್ಪತ್ತು ನಿಮಿಷವಾದರೂ ಬೇಕು ಎಂದೆ. ಅಷ್ಟು ಹೊತ್ತು ತನ್ನ ಬಳಿ ಇಲ್ಲ ಎಂದು ಅವರು ಸೈಕಲ್ಲು ಎಳೆದುಕೊಂಡರು. ನಾನು ಹ್ಯಾಂಡಲ್ ಹಿಡಿದೆ. ಭಂಡಾರ ನನ್ನ ಅಂಗೈಗೆ ಹತ್ತಿತು.

"ಬಿಡ್ರಿ ವೈನಿ. ಹೋದ ಸಲ ನಿಮ್ಮ ಮಾತ ಕೇಳಿ ಮೂರು ವಾರ ಬೋರಲ ಮಲಗೀನಿ. ಈ ಸಲಾನೂ ನಿಮ್ಮ ಮಾತ ಕೇಳ್ಬೇಕೇನ್ರಿ?"

ಐದು ವಾರದಿಂದ ನಾನು ಕಾಯುತ್ತಿದ್ದ ಮಾತು ಅದು. ಬಂದಾಗ ಹಗುರವೇನೂ ಆಗಲಿಲ್ಲ. ಕಾರ್ಡಿಗೆ ಸಹಿ ಹಾಕುವ ಮನುಷ್ಯ ತಲೆ ತಗ್ಗಿಸಿ ತನ್ನ ಪೆನ್ನು ನೋಡುತ್ತ ಕೂತ. ಬೇರೆ ದಿನವಾಗಿದ್ದರೆ ನಾನೂ ಎರಡು ಮಾತು ಅಂದುಬಿಡುತ್ತಿದ್ದೆ. ಅವತ್ತು ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ.

"ಬೈರಿ. ಇನ್ನಷ್ಟ ಬೈರಿ. ಆದ್ರ ಮೂತಿ ಇಳಸದ ಬಿಡಂಗಿಲ್ಲ ನಾ. ಟೈಮ್ ಹೋದ್ರ ಮುಂದಿನ ವರ್ಷ ಸಿಗತೈತಿ. ಕಲಿ ಒಡದ್ರ ಮುಂದಿನ ವರ್ಷಾನ ಇಲ್ರಿ."

ಅವರು ಹ್ಯಾಂಡಲ್ ಬಿಟ್ಟರು. ಹಿಂದೆ ತಿರುಗಿ ಜೋಳದ ಹೊಲದ ಕಡೆ ಮುಖ ಮಾಡಿ ನಿಂತರು. ಅಳುತ್ತಿದ್ದರು, ನಾನು ನೋಡದ ಹಾಗೆ ಮಾಡಿದೆ. ಕ್ಲಾಂಪು ಬಿಚ್ಚಿದೆ. ಹಳೆಯ ಬ್ರಷ್ಷಿನಿಂದ ಹಲ್ಲು ಉಜ್ಜಿದೆ. ಮಟ್ಟಕ್ಕಿಂತ ಒಂದು ಕೂದಲಿನಷ್ಟು ಮೂತಿ ಕೆಳಗಿಟ್ಟು, ಎರಡೂ ಬೋಲ್ಟನ್ನು ಕಾಲು ಸುತ್ತು ಅದಕ್ಕೆ, ಕಾಲು ಸುತ್ತು ಇದಕ್ಕೆ ಎಂದು ಬಿಗಿದೆ. ಅವಸರದಲ್ಲಿ ಒಂದು ಸಲ ಅಲೆನ್ ಕೀ ಜಾರಿ ಬೆರಳು ಸುಲಿಯಿತು. ಅಲ್ಲೇ ರಸ್ತೆಯಲ್ಲಿ ಒಂದು ಸುತ್ತು ಹೊಡೆಸಿ, ಮತ್ತೆ ರಸಮಟ್ಟ ಇಟ್ಟು ನೋಡಿ, ಅಲುಗಿಲ್ಲ ಎಂದು ಖಾತ್ರಿ ಮಾಡಿಕೊಂಡು ಬಿಟ್ಟೆ. ಇಪ್ಪತ್ತಾರು ನಿಮಿಷ ಹೋಗಿತ್ತು. ಟೀಚರು ಹತ್ತಿ ಹೊರಟರು.

ಉಳಿದ ಅರವತ್ತು ಕಿಲೋಮೀಟರು ನಾನು ಅವರ ಹಿಂದೆ ವ್ಯಾನು ಓಡಿಸಲಿಲ್ಲ. ಸವಾರಿಯ ನಿಯಮದಂತೆ ಯಾರ ಗಾಡಿಯೂ ಹಾಗೆ ಬೆನ್ನ ಹಿಂದೆ ಬರುವಂತಿಲ್ಲ. ನೇರ ಸೋಲಾಪುರಕ್ಕೆ ಬಂದು, ಮುಕ್ತಾಯದ ಜಾಗದಲ್ಲಿ, ನಮ್ಮ ಓಣಿಯ ಮೂಲೆಯಲ್ಲಿ ನಿಂತೆ. ಮಾವನವರೂ ಬಂದು ನಿಂತರು. ಆರಾಯಿತು. ಆರು ಇಪ್ಪತ್ತು. ಸಹಿಯ ಮೇಜಿನ ಹಿಂದಿದ್ದವನು ಗಡಿಯಾರ ನೋಡುವುದು, ನನ್ನ ಕಡೆ ನೋಡುವುದು. ಆರೂವರೆ ಆಯಿತು. ಅವನು ಪುಸ್ತಕ ಮುಚ್ಚಲಿಲ್ಲ, ಆದರೆ ಪೆನ್ನಿನ ಮುಚ್ಚಳ ಹಾಕಿದ. ಆರು ಮೂವತ್ತೊಂಬತ್ತಕ್ಕೆ ದೀಪ ಹಚ್ಚಿಕೊಂಡು ಟೀಚರು ಬಂದರು. ಒಂಬತ್ತು ನಿಮಿಷ ತಡ. ನಾನು ಹಿಡಿದು ನಿಲ್ಲಿಸಿದ್ದು ಇಪ್ಪತ್ತಾರು ನಿಮಿಷ. ಈ ಕೂಡು-ಕಳೆ ಅಲ್ಲಿದ್ದ ಯಾರಿಗಾದರೂ ಬರುತ್ತಿತ್ತು. ನಾನು ತಲೆ ಎತ್ತಲಿಲ್ಲ.

ಟೀಚರು ಸೈಕಲ್ಲು ಗೋಡೆಗೆ ಒರಗಿಸಿ, "ನಡೀರಿ, ನೋಡ್ರಿ," ಎಂದು ನನ್ನ ಮುಂದೆ ನಮ್ಮ ಮನೆಯ ಮೆಟ್ಟಿಲು ಹತ್ತಿದರು. ಒಳಕೋಣೆಯಲ್ಲಿ ದೀಪ ಹಾಕಿ, ಸಾಲದೆ ಮೊಬೈಲಿನ ಬೆಳಕನ್ನೂ ಹಿಡಿದು ನೋಡಿದೆ. ಕೆಂಪಿತ್ತು. ಒತ್ತಿದೆ. ಬೆಳ್ಳಗಾಯಿತು, ತಿರುಗಿ ಕೆಂಪಾಯಿತು. ಎರಡನೆಯ ಸಲ ಒತ್ತಿದೆ. ಅಂಚಿನಿಂದ ಅಂಚಿಗೆ ಬೆಳಕು ಆಡಿಸಿದೆ. ಎಲ್ಲೂ ಒಡೆದಿರಲಿಲ್ಲ.  ಒಡೆದಿಲ್ಲ ಎಂದು ತಲೆ ಆಡಿಸಿದೆ, ಅವರು ಹಿಂದೆ ತಿರುಗಿ ನನ್ನ ತಲೆಯನ್ನೇ ನೋಡುತ್ತಿದ್ದರು. ಆಮೇಲೆ ಇಬ್ಬರೂ ಅತ್ತೆವು.

ಕೆಳಗೆ ಇಳಿದು ಬಂದಾಗ ಮಾವನವರು ಅಂಗಡಿಯ ಒಳಗಿಂದ ತಮ್ಮ ಗಾದಿಯನ್ನೇ ಎರಡೂ ಕೈಯಲ್ಲಿ ಎತ್ತಿಕೊಂಡು ಹೊರಗೆ ಬರುತ್ತಿದ್ದರು. ಇಷ್ಟು ದೂರ ತುಳಿದು ಬಂದ ಹೆಣ್ಣುಮಗಳು, ಮೊದಲು ಆರಾಮ ಕೂರಲಿ ಎಂದು. ಟೀಚರು ಬೇಡ ಎಂದು ಕೈ ಮುಗಿದು, ಅಂಗಡಿಯ ಮುಂದಿನ ಫರಸಿ ಕಲ್ಲಿನ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತರು. ಕೂರುವ ಮೊದಲು ಅಂಜಲಿಲ್ಲ, ಕೈಯೂರಲಿಲ್ಲ, ಮುಖ ಕಿವುಚಲಿಲ್ಲ. ನಾನು ಚಹಾ ತಂದು ಕೊಟ್ಟು ಪಕ್ಕದಲ್ಲಿ ಕಲ್ಲಿನ ಮೇಲೆಯೇ ಕೂತೆ. ಅರ್ಧ ಚಹಾ ಕುಡಿದ ಮೇಲೆ ಅವರು ಮಾತಾಡಿದರು.

"ವೈನಿ, ಮುಂದಿನ ವರ್ಷದ್ದು ತಾರೀಖ ಯಾವಾಗಂತ? ಕೇಳ್ರಿ ಅವ್ರಿಗಿ."

ಮಾವನವರು ಗಾದಿ ಎತ್ತಿಕೊಂಡು ಬಾಗಿಲಲ್ಲಿ ಹಾಗೇ ನಿಂತಿದ್ದರು. ನಾನು ಎದ್ದು ಸಹಿಯ ಮೇಜಿನ ಕಡೆಗೆ ತಾರೀಖು ಕೇಳಲು ಹೋದೆ.